ದವಡೆಯಲ್ಲಿ ಇಂಪ್ಲಾಂಟ್ ಗಟ್ಟಿಯಾಗಿ ನಿಲ್ಲಬೇಕಾದರೆ

ಹಲ್ಲು ಬಿದ್ದ ಜಾಗಕ್ಕೆ ಇಂಪ್ಲಾಂಟ್ ಹಾಕಿಸಲು ಕುಂದಗೋಳದಿಂದ ಹುಬ್ಬಳ್ಳಿಗೋ ಧಾರವಾಡಕ್ಕೋ ಹೊರಟಿದ್ದೀರಾ? ಅದು ದವಡೆಯ ಎಲುಬಿನೊಳಗೆ ಕೂಡಿಸುವ ಟೈಟಾನಿಯಂ ಸ್ಕ್ರೂ. ಕೃತಕ ಹಲ್ಲು ಅದರ ಮೇಲೆ ಕೂಡುತ್ತದೆ. ದನ ಕಟ್ಟುವ ಚೂಪು ಗೂಟ ಒಳಗಿಳಿದಂತೆ ಸುತ್ತಲಿನ ಮಣ್ಣನ್ನು ಒತ್ತಿ ಬಿಗಿಯಾಗುತ್ತದಷ್ಟೆ. ತುದಿಗೆ ಸಣ್ಣಗಾಗುವ ಇಂಪ್ಲಾಂಟ್ ಕೂಡ ಹಾಗೆಯೇ. ಮೇಲ್ದವಡೆಯ ಹಿಂಭಾಗದ ಮೆತ್ತನೆಯ ಎಲುಬಿನಲ್ಲಿ, ಉದ್ದಕ್ಕೂ ಒಂದೇ ದಪ್ಪದ ಇಂಪ್ಲಾಂಟಿಗಿಂತ ಇದರ ಮೊದಲ ಹಿಡಿತ ಸಾಮಾನ್ಯವಾಗಿ ಹೆಚ್ಚು.

ಆದರೆ ಆಕಾರವೊಂದರಿಂದಲೇ ಕೆಲಸವಾಗದು. ಶಾಶ್ವತ ಹಿಡಿತ ಕೊಡುವುದು ಟೈಟಾನಿಯಂಗೆ ಬೆಸೆದುಕೊಳ್ಳುವ ನಿಮ್ಮದೇ ಎಲುಬು. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ತಮ್ಮ ಮೊದಲ ರೋಗಿಗೆ ಇಂಪ್ಲಾಂಟ್ ಕೂಡಿಸಿದ್ದು ಈ ಗುಣವನ್ನು ನಂಬಿಯೇ. ಈ ಬೆಸುಗೆಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಅಲ್ಲಿಯವರೆಗೆ ಆ ಬದಿಯಲ್ಲಿ ಖಡಕ್ ರೊಟ್ಟಿ ಕಡಿಯಬೇಡಿ. ಗುಟಕಾ, ಬೀಡಿ ಬಿಡಿ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿಡಿ.