ಹಳೆಯ ಮನೆಗೆ ಹೊಸ ಒಳಾಂಗಣ: ಅಮೆರಿಕದ ತೆರಿಗೆ ರಿಯಾಯಿತಿ

ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿರ್ಮಾಣವಾದ ‘ಕ್ರಾಫ್ಟ್ಸ್‌ಮನ್’ ಶೈಲಿಯ ಮನೆಗಳಿಗೆ ಮರದ ತೊಲೆಗಳು ಹಾಗೂ ಗೋಡೆಗೇ ಕೂಡಿಸಿದ ಕಪಾಟುಗಳು ಪ್ರಧಾನ ಲಕ್ಷಣ. ಮಕ್ಕಳು ಅಲ್ಲಿ ಇಂತಹ ಮನೆ ಖರೀದಿಸಿರುವ ಸದಸ್ಯರು, ಇವನ್ನು ಕಿತ್ತು ಆಧುನಿಕ ಒಳಾಂಗಣ ರೂಪಿಸುವ ಮುನ್ನ ತೆರಿಗೆಯ ಲೆಕ್ಕ ನೋಡುವುದು ಉಚಿತ.

ಐತಿಹಾಸಿಕವೆಂದು ದೃಢೀಕೃತವಾದ ಕಟ್ಟಡದ ಅರ್ಹ ನವೀಕರಣ ವೆಚ್ಚದ ಶೇ. 20ರಷ್ಟು ಮೊತ್ತವು ಅಲ್ಲಿನ ಕೇಂದ್ರ ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ. 2017ರ ಕಾಯ್ದೆಯ ತರುವಾಯ ಇದನ್ನು ಐದು ವರ್ಷಗಳಿಗೆ ಹಂಚಲಾಗುತ್ತದೆ. ಆದರೆ ಕಟ್ಟಡವು ಬಾಡಿಗೆಗೆ ಅಥವಾ ವ್ಯವಹಾರಕ್ಕೆ ಬಳಕೆಯಾಗಬೇಕು. ಸ್ವಂತ ವಾಸದ ಮನೆಗೆ ಈ ಸೌಲಭ್ಯವಿಲ್ಲ. ಅನೇಕರು ಎಡವುವುದು ಇಲ್ಲಿಯೇ. ಪೀಠೋಪಕರಣ, ಪರದೆಗಳ ಖರ್ಚು ಲೆಕ್ಕಕ್ಕೆ ಬಾರದು. ವಿದ್ಯುತ್, ನೀರಿನ ವ್ಯವಸ್ಥೆಗಳನ್ನು ಹೊಸದಾಗಿಸಬಹುದು. ಮೂಲ ಮರಗೆಲಸವನ್ನು ನಾಶಪಡಿಸಿದರೆ ನ್ಯಾಷನಲ್ ಪಾರ್ಕ್ ಸರ್ವಿಸ್ ಅನುಮೋದನೆ ನಿರಾಕರಿಸಬಹುದು. ಕಾಮಗಾರಿ ಮುಗಿದ ಐದು ವರ್ಷಗಳೊಳಗೆ ಮನೆಯನ್ನು ಮಾರಿದರೆ, ಪಡೆದ ರಿಯಾಯಿತಿಯ ಒಂದು ಭಾಗವನ್ನು ಮರಳಿ ಕಟ್ಟಬೇಕಾಗುತ್ತದೆ.