ಸುರಪುರ-ಶಹಾಪುರ ಸೀಮೆಯ ಬದುವಿನ ಜಾಲಿ

ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣಾ-ಭೀಮಾ ನದಿಗಳ ನಡುವಣ ಸುರಪುರ, ಶಹಾಪುರ ತಾಲೂಕುಗಳ ಎರೆಹೊಲಗಳನ್ನು ನೋಡಿದವರಿಗೆ, ಬದುಗಳ ಮೇಲೆ ಅಲ್ಲೊಂದು ಇಲ್ಲೊಂದು ನಿಂತ ಕರಿಜಾಲಿಯು ತಾನಾಗಿ ಬೆಳೆದ ಕಾಡುಮರವೆಂದು ತೋರುವುದು ಸಹಜವೇ ಸರಿ. ಅದನ್ನು ಯಾರೂ ನೆಟ್ಟಿರಲಾರರು. ಆದರೆ ಉಳಿಸಿ, ಸವರಿ, ಮರವನ್ನಾಗಿ ಮಾಡಿದವನು ರೈತನು. ಆದುದರಿಂದ ಅದನ್ನು ಸಾಗುವಳಿಯ ಮರವೆಂದೇ ಎಣಿಸತಕ್ಕದ್ದು.

ಬೇಸಗೆಯಲ್ಲಿ ಉದುರುವ ಜಾಲಿಕಾಯಿಯನ್ನು ಕುರಿಮೇಕೆಗಳು ತಿನ್ನುವುವು. ಬೀಜದ ಸಿಪ್ಪೆ ಬಲು ಗಟ್ಟಿಯಾದುದು. ಕುರಿಯ ಹೊಟ್ಟೆಯನ್ನು ಹಾಯ್ದು ಬಂದ ಬೀಜವಾದರೋ ಸುಲಭವಾಗಿ ಮೊಳೆಯುವುದು. ಬೆಳೆ ತೆಗೆದ ಹೊಲದಲ್ಲಿ ಕುರಿಮಂದೆಯನ್ನು ರಾತ್ರಿ ತಂಗಿಸುವ ವಾಡಿಕೆಯಿರುವುದರಿಂದ ಗೊಬ್ಬರದೊಡನೆ ಬೀಜವೂ ನೆಲಕ್ಕೆ ಬೀಳುವುದು. ಹೊಲದ ನಡುವೆ ಹುಟ್ಟಿದ ಸಸಿಯನ್ನು ಕುಂಟೆಯು ಕಿತ್ತುಹಾಕುವುದು. ಬದುವಿನ ಮೇಲಿನದನ್ನು ಬಿಡುವರು. ಅದು ಬೆಳೆದಂತೆಲ್ಲ ಕೆಳಗಿನ ಕೊಂಬೆಗಳನ್ನು ಸವರಿ, ಎತ್ತು ಕೂರಿಗೆಗಳು ತಡೆಯಿಲ್ಲದೆ ಹೊರಳುವಂತೆಯೂ ಹಿಂಗಾರಿ ಜೋಳಕ್ಕೆ ಬಿಸಿಲು ತಾಗುವಂತೆಯೂ ಮಾಡುವರು. ಸವರಿದ ಸೊಪ್ಪು ಮೇಕೆಗೆ, ಮುಳ್ಳು ಬೇಲಿಗೆ, ತೊಗಟೆ ತೊಗಲನ್ನು ಹದಮಾಡುವುದಕ್ಕೆ. ಬಲಿತ ಕಾಂಡದಿಂದ ನೇಗಿಲು, ಕುಂಟೆ, ಬಂಡಿಯ ಗಾಲಿ. ಹೀಗೆ ಕುರಿಗಾರ, ಬಡಿಗ, ತೊಗಲು ಹದಮಾಡುವವ ಈ ಮೂವರ ಕಸುಬೂ ಒಂದೇ ಬದುವಿಗೆ ತಗಲಿಕೊಂಡಿದ್ದಿತು. ಮರದ ಸುತ್ತ ಜೋಳವು ಕುಗ್ಗುವುದನ್ನು ರೈತನು ಅರಿಯದವನಲ್ಲ. ಆ ನಷ್ಟವನ್ನು ತಿಳಿದೇ ತೆರುತ್ತಿದ್ದನು.

ಜೋಳದೊಳಗೆ ಕುಸುಬೆಯನ್ನೂ ತೊಗರಿಯೊಳಗೆ ಹೆಸರನ್ನೂ ಬಿತ್ತುವ ಅಕ್ಕಡಿಯ ಪದ್ಧತಿಯೂ ಇಂಥ ಲೆಕ್ಕಾಚಾರದ್ದೇ. ಅದರ ವಿವೇಚನೆಗೆ ಇಲ್ಲಿ ಅವಕಾಶವಿಲ್ಲ.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣವಾಯಿತು. ಎಡದಂಡೆಯ ಕಾಲುವೆ ಹರಿದ ಅನೇಕ ಕಡೆಗಳಲ್ಲಿ ಜೋಳದ ಹೊಲವು ಬತ್ತದ ಗದ್ದೆಯಾಯಿತು. ನೆಲವನ್ನು ಮಟ್ಟಮಾಡುವಾಗ ಹಳೆಯ ಬದು ಹೋಯಿತು; ಅದರೊಡನೆ ಮರವೂ ಹೋಯಿತು. ನೀರು ನಿಂತು ಸವುಳಾದ ನೆಲವೂ ಉಂಟು. ನೀರಾವರಿಯು ಬಡತನವನ್ನು ನೀಗಿದುದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ; ಕಾಲುವೆ ತಲುಪದ ಹೊಲಗಳಲ್ಲಿ ಜಾಲಿಯು ಇನ್ನೂ ನಿಂತಿದೆ.

ಆದರೆ ಅಲ್ಲಿಯೂ ಅದಕ್ಕೆ ಹೆಸರಿನ ತೊಡಕೊಂದು ಒದಗಿದೆ. ಹಳ್ಳದ ದಂಡೆಗಳನ್ನೂ ಬೀಳುನೆಲಗಳನ್ನೂ ಮುತ್ತಿರುವ ‘ಬಳ್ಳಾರಿ ಜಾಲಿ’ಯು ಅಮೆರಿಕ ಖಂಡದ ಗಿಡ, 1877ರ ಸುಮಾರಿಗೆ ಕಡಪ ಸೀಮೆಗೆ ಬಂದುದು. ಅದು ಬಳ್ಳಾರಿಯದೂ ಅಲ್ಲ, ನಿಜವಾದ ಜಾಲಿಯೂ ಅಲ್ಲ. ಆದರೂ ಜಾಲಿಯನ್ನು ಕಡಿಯಬೇಕೆಂಬ ಮಾತು ಹುಟ್ಟಿದಾಗ ಕೊಡಲಿಯು ಎರಡಕ್ಕೂ ಬೀಳುವ ಸಂಭವವುಂಟು. ನಮ್ಮ ನಿಘಂಟುಕಾರರು ಇವೆರಡನ್ನೂ ಲಕ್ಷಣಸಹಿತ ಬೇರೆಬೇರೆಯಾಗಿ ನಮೂದಿಸುವುದು ಅವಶ್ಯ. ಕರಿಜಾಲಿಯ ಹೂವು ಹಳದಿಯ ಚೆಂಡು, ಕಾಯಿ ಮಣಿ ಪೋಣಿಸಿದಂತೆ ಬೀಜಬೀಜಕ್ಕೂ ನಡು ಸಣ್ಣಗಾದುದು. ಬಳ್ಳಾರಿ ಜಾಲಿಯ ಹೂವು ಉದ್ದನೆಯ ತೆನೆ, ಕಾಯಿ ಮಾಗಿದಾಗ ಹಳದಿ.