ಕಿರುಹಾಳೆಯ ಮೇಲೆ ನೀರುಬಣ್ಣ

ನೀರುಬಣ್ಣದ ಚಿತ್ರಣವನ್ನು ಕಲಿಯಬೇಕೆನ್ನುವವರು ಮೊದಲು ಒಂದು ಸಂಗತಿಯನ್ನು ಮನಗಾಣತಕ್ಕದ್ದು. ತೈಲವರ್ಣದಲ್ಲಿ ಬೆಳಕನ್ನು ಬಿಳಿಯ ಬಣ್ಣದಿಂದ ಕಡೆಯಲ್ಲಿಯೂ ಹಚ್ಚಬಹುದು. ನೀರುಬಣ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ತೆಳ್ಳನೆಯ ಬಣ್ಣವನ್ನು ಹಾದುಹೋದ ಬೆಳಕು ಕಾಗದವನ್ನು ಮುಟ್ಟಿ ನಮ್ಮ ಕಣ್ಣಿಗೆ ಹಿಂದಿರುಗುವುದು. ಆದುದರಿಂದ ತಿಳಿಯಿಂದ ದಟ್ಟಕ್ಕೆ ಸಾಗುವುದೇ ಇಲ್ಲಿಯ ಕ್ರಮ. ಒಮ್ಮೆ ಮುಚ್ಚಿಹೋದ ಬಿಳುಪು ಮೊದಲಿನಂತೆ ಮರಳಿ ದೊರೆಯುವುದು ದುರ್ಲಭ.

ಅಭ್ಯಾಸಕ್ಕೆ ಅಂಚೆಯ ಕಾರ್ಡಿನಷ್ಟು ಹಾಳೆ ಸಾಕು. ದೊಡ್ಡ ಹಾಳೆಯ ಮೇಲೆ ಲೇಪವು ಮುಗಿಯುವುದರೊಳಗೆ ನಮ್ಮ ಬಯಲುಸೀಮೆಯ ಬಿಸಿಲು ಅದರ ಅಂಚನ್ನು ಒಣಗಿಸಿ ಗೆರೆ ಮೂಡಿಸುತ್ತದೆ. ಕಿರುಹಾಳೆಯನ್ನಾದರೋ ಹಸಿ ಆರುವ ಮುನ್ನವೇ ತುಂಬಬಹುದು. ಅಲ್ಲದೆ, ಎಡೆ ಕಿರಿದಾದಷ್ಟೂ ಯಾವುದನ್ನು ಬಿಡಬೇಕೆಂಬ ವಿವೇಕವು ಬೆಳೆಯುವುದು. ದಪ್ಪನೆಯ ಒರಟು ಕಾಗದ, ಮೊನೆ ಕೂಡುವ ಒಂದು ಕುಂಚ, ನೀಲಿ, ಹಳದಿ, ಕೆಂಗಂದು ಎಂಬ ಮೂರು ಬಣ್ಣ, ಎರಡು ಬಟ್ಟಲು ನೀರು, ಒಂದು ಚಿಂದಿಬಟ್ಟೆ: ಸಾಮಗ್ರಿ ಇಷ್ಟೆ.

1939ರಲ್ಲಿ ಜಿಲ್ಲೆಯಾದ ಮಂಡ್ಯದ ಸೀಮೆಯಲ್ಲಿಯೇ ಮೂರು ಪಾಠಗಳು ನಮಗೆ ದೊರೆಯುವುವು. ಮೊದಲನೆಯದು ಮಂಡ್ಯದ ಸುತ್ತಣ ನಾಲೆಯ ನೀರಿನ ಗದ್ದೆ. ಹಲಗೆಯನ್ನು ತುಸು ಓರೆಯಾಗಿಟ್ಟು, ಮೇಲುಗಡೆ ನೀಲಿಯಿಂದ ಮೊದಲುಮಾಡಿ, ಕೆಳಗಿಳಿದಂತೆ ನೀರನ್ನು ಹೆಚ್ಚಿಸುತ್ತ ಬಂದರೆ ಆಕಾಶವು ದಿಗಂತದಲ್ಲಿ ತಿಳಿಯಾಗುವುದು. ನಾಟಿಯಾದ ಗದ್ದೆಯ ನೀರಿನಲ್ಲಿ ಕಾಣುವುದು ಅದೇ ಆಕಾಶದ ಪ್ರತಿಬಿಂಬ. ಅಲ್ಲಿ ಲೇಪದ ಕ್ರಮವನ್ನು ತಲೆಕೆಳಗು ಮಾಡಿದರಾಯಿತು. ದೂರದ ತೆಂಗಿನ ಸಾಲನ್ನು ಕಾಗದವು ಇನ್ನೂ ತೇವವಾಗಿರುವಾಗಲೇ ಮುಟ್ಟಿಸಿದರೆ ಅಂಚು ಮೆತ್ತಗಾಗಿ ದೂರವೆಂಬ ಭಾವನೆ ಹುಟ್ಟುವುದು.

ಎರಡನೆಯದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಊರೊಳಗಣ ಹುಣಿಸೆಮರಗಳ ಮೇಲೆ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡುಕಟ್ಟುವ ಕಾಲದಲ್ಲಿ ಅಲ್ಲಿಗೆ ಹೋಗಬೇಕು. ಹಕ್ಕಿಯನ್ನು ಬರೆಯಲಾಗದು, ಉಳಿಸಬೇಕು; ಹಸುರನ್ನು ಸುತ್ತ ಹಚ್ಚುತ್ತ ಬಿಳಿಯ ಚುಕ್ಕಿಯನ್ನು ಬಿಟ್ಟರೆ ಅದೇ ಹಕ್ಕಿ.

ಮೂರನೆಯದು ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ. 1902ರಿಂದ ವಿದ್ಯುತ್ತಿಗೆ ಹೆಸರಾದ ಶಿವನಸಮುದ್ರವು ಇದೇ. ಬೀಳುವ ನೀರಿಗೆ ಬಣ್ಣವೇ ಬೇಡ. ಬಂಡೆಗಳನ್ನು ಬರೆದರೆ ನೀರು ತಾನಾಗಿ ಬೀಳುವುದು. ಕುಂಚವನ್ನು ಬಟ್ಟೆಗೆ ಒರಸಿ, ಒಣಗಿದ ಕಾಗದದ ಮೇಲೆ ಅಡ್ಡಲಾಗಿ ಎಳೆದರೆ ಬಣ್ಣವು ಕಾಗದದ ಉಬ್ಬುಗಳಿಗೆ ಮಾತ್ರ ತಗುಲಿ ಕಲ್ಲಿನ ಒರಟುತನವನ್ನು ತೋರುವುದು.

ಉದಕಮಂಡಲದ ಬೆಟ್ಟ, ಮಂಜು, ಬೆಳಕುಗಳನ್ನು ನೀರುಬಣ್ಣದಲ್ಲಿ ಹಿಡಿದ ನಮ್ಮ ಕೆ. ವೆಂಕಟಪ್ಪನವರ ಚಿತ್ರಗಳನ್ನು ನೋಡಿದವರಿಗೆ ಈ ಸಂಯಮದ ಬೆಲೆ ತಿಳಿದೀತು. ಕಲಿಯುವವರು ಒಂದೇ ನೋಟವನ್ನು ಬೆಳಗ್ಗೆ, ನಡುಹಗಲು, ಸಂಜೆ ಮೂರು ಕಿರುಹಾಳೆಗಳಲ್ಲಿ ಬರೆದು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಯಾವುದರಲ್ಲಿ ಬಿಳುಪು ಉಳಿದಿದೆಯೋ ಅದರಲ್ಲಿ ಬೆಳಕೂ ಉಳಿದಿರುವುದು.